ಬೀದಿದೀಪದ ಹಗ್ಗದಿಂದ ಬಲ್ಬಿನ ಪಾಸ್‌ವರ್ಡ್‌ವರೆಗೆ: ಬೆಳಕಿಗೆ ಬೀಗ ಹಾಕಿದ ಕಥೆ

ಸಂಜೆಯಾದರೆ ಊರಿನ ಬೀದಿದೀಪ ಹಾಕುವವರು ಯಾರು? ಬಹಳಷ್ಟು ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಚಿಕ್ಕ ಮಕ್ಕಳೂ ಉತ್ತರ ಹೇಳುತ್ತಾರೆ. ಪಂಚಾಯಿತಿಯ ವಾಟರ್‌ಮನ್ ಹಾಕುತ್ತಾರೆ, ಇಲ್ಲವೇ ಕಂಬದ ಪಕ್ಕದ ಮನೆಯವರು ಹಾಕುತ್ತಾರೆ. ಕಂಬಕ್ಕೆ ಬಡಿದ ಒಂದು ಪೆಟ್ಟಿಗೆ, ಒಳಗೆ ಒಂದು ಸ್ವಿಚ್. ಹಾಕಿದವರು ಮರುದಿನ ಬೆಳಿಗ್ಗೆ ಆರಿಸುವುದನ್ನು ಮರೆತರೆ ಯಾರನ್ನು ಕೇಳಬೇಕೆಂದೂ ಊರಿಗೆ ಗೊತ್ತು.

ಈಗ ಇನ್ನೊಂದು ಪ್ರಶ್ನೆ. ತಾಲ್ಲೂಕು ಕೇಂದ್ರದಲ್ಲಿ ಹೊಸದಾಗಿ ಕಟ್ಟಿದ ಕಚೇರಿ, ಆಸ್ಪತ್ರೆ ಅಥವಾ ಕಾಲೇಜಿನಲ್ಲಿ ಜನ ಬಂದರೆ ತಾನೇ ಹೊತ್ತಿ, ಹೋದರೆ ತಾನೇ ಆರುವ ದೀಪಗಳನ್ನು ನೀವು ನೋಡಿರಬಹುದು. ಮೊಬೈಲಿನಿಂದ ಆನ್ ಆಫ್ ಮಾಡುವ ಬಲ್ಬು ಈಗ ಸಂತೆಯ ದಿನ ಪೇಟೆಯ ಅಂಗಡಿಯಲ್ಲೂ ಸಿಗುತ್ತದೆ. ಆ ದೀಪಗಳ ಸ್ವಿಚ್ ಯಾರ ಕೈಯಲ್ಲಿದೆ? ಇದಕ್ಕೆ ಅಲ್ಲಿ ಕೆಲಸ ಮಾಡುವವರೂ ಥಟ್ಟನೆ ಉತ್ತರ ಹೇಳಲಾರರು.

ಬೆಳಕಿನ ಸ್ವಿಚ್ಚಿಗೆ ಬೀಗ ಹಾಕುವ ಕೆಲಸ ಹೊಸದಲ್ಲ, ಅದಕ್ಕೆ ಮುನ್ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಬೀಗ ಹಾಕುವುದನ್ನು ಜನ ಮರೆತದ್ದು ಮಾತ್ರ ಇತ್ತೀಚೆಗೆ. ಈ ಸಲ ಆ ಕಥೆಯನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಹಗ್ಗ, ಪೆಟ್ಟಿಗೆ, ಕೀಲಿಕೈ

ಕಥೆ ಶುರುವಾಗುವುದು ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ. ಹದಿನಾಲ್ಕನೆಯ ಲೂಯಿ ರಾಜನಾಗಿದ್ದಾಗ, 1667ರಲ್ಲಿ, ಅಲ್ಲಿನ ಪೊಲೀಸ್ ಮುಖ್ಯಸ್ಥನಾಗಿ ಬಂದ ಲಾ ರೆನಿ ಎಂಬಾತ ಬೀದಿಗಳಲ್ಲಿ ಲಾಂದ್ರ ತೂಗುಹಾಕಿಸಿದ. ರಾತ್ರಿ ಹೊತ್ತು ಕಳ್ಳಕಾಕರ ಕಾಟ ತಪ್ಪಿಸುವುದು ಅವನ ಉದ್ದೇಶ. ಅಂದರೆ ಅಲ್ಲಿ ಬೀದಿದೀಪ ಮೊದಲಿನಿಂದಲೂ ಪೊಲೀಸ್ ಇಲಾಖೆಯ ವಸ್ತುವಾಗಿತ್ತು.

ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಅದಕ್ಕೆ ಲಾಂದ್ರ ತೂಗುಬಿಡುತ್ತಿದ್ದರು. ಎಣ್ಣೆ ಹಾಕಲು, ಬತ್ತಿ ಹಚ್ಚಲು ರಾಟೆಯ ಮೇಲೆ ಹಗ್ಗ ಸಡಿಲಿಸಿ ದೀಪವನ್ನು ಕೆಳಗಿಳಿಸಬೇಕು. ಬಾವಿಯಿಂದ ಕೊಡ ಸೇದಿದಂತೆ ಎಂದುಕೊಳ್ಳಿ. ಈ ಹಗ್ಗದ ತುದಿ ಕೈಗೆ ಸಿಕ್ಕರೆ ಯಾರು ಬೇಕಾದರೂ ದೀಪ ಇಳಿಸಬಹುದು, ಆರಿಸಬಹುದು, ಹೊತ್ತುಕೊಂಡೂ ಹೋಗಬಹುದು. ಹಾಗಾಗಿ ಹಗ್ಗದ ತುದಿಯನ್ನು ಗೋಡೆಯ ಮೇಲಿನ ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು. ಕೀಲಿಕೈ ದೀಪ ಹಚ್ಚುವವನ ಬಳಿ.

ಇಂದು ಇಂಥ ವ್ಯವಸ್ಥೆಯನ್ನು ‘ಪ್ರವೇಶ ನಿಯಂತ್ರಣ’ ಎನ್ನುತ್ತಾರೆ. ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂದು ತೀರ್ಮಾನಿಸಿ ಅದಕ್ಕೆ ತಕ್ಕ ಬೀಗ ಹಾಕುವುದು. ಹೆಸರು ದೊಡ್ಡದಾದರೂ ವಿಷಯ ಇಷ್ಟೇ.

ಈ ಬೀಗ ಒಡೆಯುವ ಒಂದು ಪ್ರಸಂಗ ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸೆರಾಬ್ಲ್’ ಕಾದಂಬರಿಯಲ್ಲಿದೆ. ಕಥಾನಾಯಕ ಜಾನ್ ವಾಲ್‌ಜಾನ್ ಚಿಕ್ಕ ಹುಡುಗಿಯೊಬ್ಬಳನ್ನು ಕರೆದುಕೊಂಡು ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿರುತ್ತಾನೆ. ಹಿಂದೆ ಪೊಲೀಸರು, ಮುಂದೆ ಎತ್ತರದ ಗೋಡೆ. ಅವನೇನೋ ಹತ್ತಬಲ್ಲ, ಮಗುವನ್ನು ಮೇಲಕ್ಕೆತ್ತುವುದು ಹೇಗೆ? ಹಗ್ಗ ಬೇಕು. ಆಗ ಅವನ ಕಣ್ಣಿಗೆ ಬೀಳುವುದು ಬೀದಿದೀಪದ ಪೆಟ್ಟಿಗೆ. ಚಾಕುವಿನ ತುದಿಯಿಂದ ಬೀಗ ಮೀಟಿ, ಹಗ್ಗ ಬಿಚ್ಚಿಕೊಂಡು, ಮಗುವನ್ನು ಮೇಲಕ್ಕೆಳೆದುಕೊಂಡು ಆಚೆ ದಾಟುತ್ತಾನೆ.

ಅವನಿಗೆ ಬೆಳಕೂ ಬೇಕಿರಲಿಲ್ಲ, ಕತ್ತಲೂ ಬೇಕಿರಲಿಲ್ಲ. ಬೇಕಾಗಿದ್ದು ಗೋಡೆ ಹತ್ತಲು ಹಗ್ಗ. ಕಾದಂಬರಿಯಲ್ಲಿ ಅವನು ಒಳ್ಳೆಯವನು, ನಾವೂ ಅವನ ಪರವೇ. ಆದರೂ ಈ ಪ್ರಸಂಗವನ್ನು ನೆನಪಿನಲ್ಲಿಟ್ಟುಕೊಳ್ಳಿ. ದೀಪದ ಬೀಗ ಒಡೆಯುವವರೆಲ್ಲ ದೀಪಕ್ಕಾಗಿಯೇ ಬರುವುದಿಲ್ಲ ಎಂಬ ಮಾತು ಮುಂದೆ ಮತ್ತೆ ಬರುತ್ತದೆ.

ಶಿವನಸಮುದ್ರದ ಕರೆಂಟು

ನಮ್ಮ ನಾಡಿಗೆ ಬರೋಣ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿ ಎಳೆದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದ್ದು 1905ರ ಆಗಸ್ಟ್‌ನಲ್ಲಿ.

ವಿದ್ಯುತ್ ಬಂದ ಮೇಲೆ ಒಂದು ದೊಡ್ಡ ಬದಲಾವಣೆ ಆಯಿತು. ಎಣ್ಣೆ ದೀಪಕ್ಕೆ ಪ್ರತಿ ಕಂಬದ ಹತ್ತಿರವೂ ಮನುಷ್ಯ ಹೋಗಬೇಕಿತ್ತು. ವಿದ್ಯುತ್ ದೀಪಕ್ಕೆ ಒಂದು ಕಡೆ ಸ್ವಿಚ್ ಒತ್ತಿದರೆ ಸಾಕು, ಸಾಲಿಗೆ ಸಾಲೇ ಹೊತ್ತುತ್ತದೆ. ಕೈ ಒಂದು ಕಡೆ, ಬೆಳಕು ಇನ್ನೊಂದು ಕಡೆ.

ಹಾಗಿದ್ದರೂ ನೂರು ವರ್ಷದವರೆಗೆ ಒಂದು ಮಾತು ಸತ್ಯವಾಗಿಯೇ ಉಳಿಯಿತು. ಸ್ವಿಚ್ ಮುಟ್ಟಬೇಕೆಂದರೆ ಅದು ಇರುವ ಜಾಗಕ್ಕೆ ಹೋಗಲೇಬೇಕು. ಕಚೇರಿಯ ದೀಪ ಆರಿಸಬೇಕಾದರೆ ಕಚೇರಿಯೊಳಗೆ ಕಾಲಿಡಬೇಕು. ಹಾಗಾಗಿ ಬಾಗಿಲಿನ ಬೀಗವೇ ದೀಪದ ಬೀಗವೂ ಆಗಿತ್ತು. ದೀಪಕ್ಕೆಂದೇ ಬೇರೆ ಬೀಗ ಬೇಕೆಂದು ಯಾರಿಗೂ ಅನಿಸಲಿಲ್ಲ, ಅದರ ಅಗತ್ಯವೂ ಇರಲಿಲ್ಲ.

ಮುಂದೆ ಆದ ತಪ್ಪುಗಳಿಗೆಲ್ಲ ಈ ಅಭ್ಯಾಸವೇ ಮೂಲ.

ದೀಪಗಳು ಮಾತು ಕಲಿತವು

ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ದೀಪಗಳಿರುತ್ತವೆ. ಒಂದೊಂದಕ್ಕೂ ಸ್ವಿಚ್‌ವರೆಗೆ ತಂತಿ ಎಳೆಯುವುದು ಖರ್ಚಿನ ಬಾಬ್ತು. ರಾತ್ರಿಯಿಡೀ ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿದರೆ ಬಿಲ್ಲಿನ ಹೊರೆ. ಇದಕ್ಕೆ ಉಪಾಯವಾಗಿ ಕಳೆದ ಶತಮಾನದ ಕೊನೆಯಲ್ಲಿ ಎಂಜಿನಿಯರುಗಳು ದೀಪಗಳಿಗೆ ಒಂದು ಭಾಷೆ ಕಲಿಸಿದರು. ‘ಮೂರನೇ ಮಹಡಿಯ 12ನೇ ದೀಪ, ಅರ್ಧ ಬೆಳಕಿಗೆ ಇಳಿ’ ಎಂದು ತಂತಿಯ ಮೇಲೆ ಸಂದೇಶ ಕಳಿಸಿದರೆ ಆ ದೀಪ ಮಾತ್ರ ಹಾಗೆ ಮಾಡುತ್ತದೆ.

ಇಂಥ ಭಾಷೆಗಳು ಹಲವಾರು. ಯುರೋಪಿನಲ್ಲಿ 1990ರಲ್ಲಿ ಬೇರುಬಿಟ್ಟು, ಮುಂದೆ ಕೆಎನ್ಎಕ್ಸ್ ಎಂಬ ಹೆಸರು ಪಡೆದದ್ದು ಒಂದು. ಅಮೆರಿಕದಲ್ಲಿ 1987ರಲ್ಲಿ ಕೆಲಸ ಶುರುವಾಗಿ 1995ರಲ್ಲಿ ಮಾನದಂಡವಾದ ಬ್ಯಾಕ್‌ನೆಟ್ ಇನ್ನೊಂದು. ದೀಪಗಳಿಗೆಂದೇ ಹುಟ್ಟಿದ ಡಾಲಿ ಎಂಬುದು ಮತ್ತೊಂದು. ಎರಡು ಎಳೆಯ ಒಂದು ತಂತಿಯ ಮೇಲೆ 64 ದೀಪಗಳಿಗೆ ಡಾಲಿ ಒಂದೊಂದು ನಂಬರು ಕೊಡುತ್ತದೆ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ, ನಂಬರು ಕರೆದರೆ ಆ ದೀಪ ಉತ್ತರಿಸುತ್ತದೆ.

ಆದರೆ ಮೊದಲ ದಿನಗಳಲ್ಲಿ ಈ ಭಾಷೆಗಳಲ್ಲಿ ಒಂದು ಪ್ರಶ್ನೆ ಇರಲೇ ಇಲ್ಲ: ‘ಕೂಗುತ್ತಿರುವವರು ಯಾರು?’ ತಂತಿಯ ಮೇಲೆ ಬಂದ ಮಾತನ್ನೆಲ್ಲ ದೀಪ ನಂಬುತ್ತಿತ್ತು. ಮೇಷ್ಟ್ರೇ ಕೂಗಿದರೋ, ಕಿಟಕಿಯಾಚೆಯಿಂದ ಇನ್ಯಾರೋ ಕೂಗಿದರೋ ಅದಕ್ಕೆ ಒಂದೇ. ಸಂದೇಶಗಳೂ ಪೋಸ್ಟ್ ಕಾರ್ಡಿನ ಹಾಗೆ ತೆರೆದೇ ಹೋಗುತ್ತಿದ್ದವು, ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು.

ಆ ಎಂಜಿನಿಯರುಗಳನ್ನು ದಡ್ಡರು ಎನ್ನುವಂತಿಲ್ಲ. ತಂತಿ ಇರುವುದು ಗೋಡೆಯೊಳಗೆ, ಗೋಡೆ ಇರುವುದು ಬೀಗ ಹಾಕಿದ ಕಟ್ಟಡದೊಳಗೆ. ಹೊರಗಿನವರು ಮುಟ್ಟುವುದು ಹೇಗೆ ಎಂದುಕೊಂಡರು. ನೂರು ವರ್ಷದ ಅಭ್ಯಾಸ ಎಂದೆವಲ್ಲ, ಅದು ಇದೇ. ಅವರ ಲೆಕ್ಕ ಆ ಹೊತ್ತಿಗೆ ಸರಿಯೇ ಇತ್ತು. ಆಮೇಲೆ ಕಟ್ಟಡಗಳಿಗೆ ಇಂಟರ್ನೆಟ್ ಬಂತು. ದೂರದಿಂದಲೇ ರಿಪೇರಿ ಮಾಡಬಹುದು, ಮೊಬೈಲಿನಲ್ಲೇ ನೋಡಬಹುದು ಎಂಬ ಅನುಕೂಲಕ್ಕಾಗಿ ಗೋಡೆಯೊಳಗಿನ ಆ ತಂತಿಯನ್ನು ಇಂಟರ್ನೆಟ್ಟಿಗೆ ಜೋಡಿಸಿದರು. ಗೋಡೆ ಇದ್ದಲ್ಲೇ ಇತ್ತು, ಅದರಿಂದ ರಕ್ಷಣೆ ಸಿಗುವುದು ಮಾತ್ರ ನಿಂತುಹೋಯಿತು.

ಬರ್ಲಿನ್ನಿನ 144 ಕಿಟಕಿಗಳು

ಮಧ್ಯೆ ಒಂದು ಸಂತೋಷದ ಪ್ರಸಂಗವನ್ನೂ ಹೇಳಬೇಕು. 2001ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ‘ಕೇಯಾಸ್ ಕಂಪ್ಯೂಟರ್ ಕ್ಲಬ್’ ಎಂಬ ಕಂಪ್ಯೂಟರ್ ಆಸಕ್ತರ ಸಂಘಕ್ಕೆ 20 ವರ್ಷ ತುಂಬಿತು. ನಗರದ ನಡುವಿನ ‘ಶಿಕ್ಷಕರ ಭವನ’ ಎಂಬ ಕಟ್ಟಡದ ಮೇಲಿನ ಎಂಟು ಮಹಡಿಗಳಲ್ಲಿ, ಮಹಡಿಗೆ 18ರಂತೆ 144 ಕಿಟಕಿಗಳ ಹಿಂದೆ ದೀಪ ಇಟ್ಟು, ಎಲ್ಲವನ್ನೂ ಕಂಪ್ಯೂಟರಿಗೆ ಜೋಡಿಸಿದರು. ಇಡೀ ಕಟ್ಟಡವೇ ದೊಡ್ಡ ಪರದೆಯಾಯಿತು. ಕೆಳಗೆ ಚೌಕದಲ್ಲಿ ನಿಂತ ಜನ ತಮ್ಮ ಮೊಬೈಲಿನಿಂದ ಒಂದು ನಂಬರಿಗೆ ಕರೆ ಮಾಡಿ, ಗುಂಡಿ ಒತ್ತಿ, ಕಟ್ಟಡದ ಮೇಲೆಯೇ ಚೆಂಡಿನ ಆಟ ಆಡಿದರು.

ಹಾದಿಯಲ್ಲಿ ಹೋಗುವವರ ಕೈಗೆ ಕಟ್ಟಡದ ದೀಪ ಕೊಟ್ಟರೂ ತೊಂದರೆಯಾಗಲಿಲ್ಲ. ಏಕೆಂದರೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂದು ಕೊಡುವವರು ಮೊದಲೇ ಯೋಚಿಸಿದ್ದರು. ಚೆಂಡು ಆಡಬಹುದಿತ್ತು, ಅದಕ್ಕಿಂತ ಹೆಚ್ಚೇನೂ ಮಾಡುವಂತಿರಲಿಲ್ಲ. ಜಾತ್ರೆಯಲ್ಲಿ ತೇರಿನ ಹಗ್ಗ ಎಲ್ಲರ ಕೈಗೂ ಸಿಗುತ್ತದೆ, ಗರ್ಭಗುಡಿಯ ಕೀಲಿಕೈ ಸಿಗುವುದಿಲ್ಲ. ಒಳ್ಳೆಯ ಬೀಗ ಎಂದರೆ ಎಲ್ಲರನ್ನೂ ಹೊರಗಿಡುವುದಲ್ಲ. ಯಾರಿಗೆ ಎಷ್ಟು ಎಂಬುದು ಸ್ಪಷ್ಟವಾಗಿರಬೇಕು, ಅಷ್ಟೇ.

ಹೋಟೆಲಿನ ಅತಿಥಿ

ಯೋಚಿಸದೆ ಕೊಟ್ಟರೆ ಏನಾಗುತ್ತದೆ ಎಂಬುದು 2014ರಲ್ಲಿ ಲೋಕಕ್ಕೆ ಗೊತ್ತಾಯಿತು. ಚೀನಾದ ಶೆನ್‌ಜೆನ್ ನಗರದ ಐಷಾರಾಮಿ ಹೋಟೆಲೊಂದರಲ್ಲಿ ಪ್ರತಿ ಕೋಣೆಗೂ ಒಂದು ಐಪ್ಯಾಡ್ ಇಟ್ಟಿದ್ದರು. ಹಾಸಿಗೆಯ ಮೇಲೆ ಕುಳಿತೇ ದೀಪ, ಟಿವಿ, ಕಿಟಕಿಯ ಪರದೆ ಎಲ್ಲವನ್ನೂ ನಡೆಸಬಹುದಿತ್ತು. ಅಲ್ಲಿ ಉಳಿದಿದ್ದ ಜೀಸಸ್ ಮೊಲಿನಾ ಎಂಬ ಭದ್ರತಾ ತಜ್ಞರು ಈ ಐಪ್ಯಾಡ್ ಯಾವ ದಾರಿಯಲ್ಲಿ ಮಾತಾಡುತ್ತಿದೆ ಎಂದು ನೋಡಿದರು. ಅತಿಥಿಗಳಿಗೆ ಕೊಟ್ಟ ವೈಫೈಯಲ್ಲೇ, ಬೀಗವಿಲ್ಲದ ಕೆಎನ್ಎಕ್ಸ್ ಭಾಷೆಯಲ್ಲಿ.

ಅವರು ಕೆಲವು ಸಲ ಕೋಣೆ ಬದಲಿಸಿ, ನಂಬರುಗಳ ಕ್ರಮ ಹೇಗೆ ಸಾಗುತ್ತದೆ ಎಂದು ತಿಳಿದುಕೊಂಡರು. ಆಮೇಲೆ 200ಕ್ಕೂ ಹೆಚ್ಚು ಕೋಣೆಗಳ ದೀಪಗಳು ಅವರ ಕೈಗೆ ಬರುವ ಸ್ಥಿತಿಯಿತ್ತು. ಅವರು ದುರುಪಯೋಗ ಮಾಡಲಿಲ್ಲ, ಹೋಟೆಲಿನವರಿಗೆ ತಿಳಿಸಿ, ಆ ವರ್ಷ ಅಮೆರಿಕದ ‘ಬ್ಲ್ಯಾಕ್ ಹ್ಯಾಟ್’ ಸಮ್ಮೇಳನದಲ್ಲಿ ವಿವರಿಸಿದರು.

ಬೀಗ ಒಡೆಯಲು ಇಲ್ಲಿ ದೊಡ್ಡ ಜಾಣ್ಮೆ ಬೇಕಾಗಲಿಲ್ಲ, ಏಕೆಂದರೆ ಒಡೆಯಲು ಬೀಗವೇ ಇರಲಿಲ್ಲ. ಅತಿಥಿಯ ದಾರಿ ಮತ್ತು ಕಟ್ಟಡದ ದಾರಿ ಎರಡೂ ಒಂದೇ ಆಗಿದ್ದವು. ಮನೆಗೆ ಬಂದ ನೆಂಟರನ್ನು ಜಗಲಿಯಲ್ಲಿ ಕೂರಿಸುವ ಬದಲು ಕೈಗೆ ಉಗ್ರಾಣದ ಕೀಲಿಕೈ ಕೊಟ್ಟ ಹಾಗೆ.

ಆಕಾಶದಿಂದ ಬಂದ ಎಸ್‌ಒಎಸ್

ಮನೆಯ ಬಲ್ಬೂ ಮಾತು ಕಲಿತದ್ದು 2012ರಲ್ಲಿ. ಆ ವರ್ಷ ಫಿಲಿಪ್ಸ್ ಕಂಪನಿಯ ‘ಹ್ಯೂ’ ಬಲ್ಬು ಮಾರುಕಟ್ಟೆಗೆ ಬಂತು. ತಂತಿಯ ಬದಲು ‘ಜಿಗ್‌ಬೀ’ ಎಂಬ ರೇಡಿಯೊ ಭಾಷೆ. ಇಷ್ಟು ಹೊತ್ತಿಗೆ ಎಂಜಿನಿಯರುಗಳು ಪಾಠ ಕಲಿತಿದ್ದರು, ಬಲ್ಬಿಗೆ ನಿಜವಾದ ಬೀಗವನ್ನೇ ಹಾಕಿದ್ದರು. ಬಹಳ ಹತ್ತಿರ ಬಂದವರ ಮಾತನ್ನು ಮಾತ್ರ ಹೊಸದಾಗಿ ನಂಬಬೇಕು ಎಂಬ ಕಟ್ಟಳೆಯೂ ಇತ್ತು.

2016ರಲ್ಲಿ ಇಸ್ರೇಲಿನ ಇಯಾಲ್ ರೋನೆನ್, ಆದಿ ಶಮೀರ್ ಮತ್ತು ಸಂಗಡಿಗರು ಈ ಬೀಗವನ್ನು ಪರೀಕ್ಷಿಸಿದರು. ಶಮೀರ್ ಸಾಮಾನ್ಯರಲ್ಲ. ಜಗತ್ತು ಇಂದು ಬಳಸುವ ಪ್ರಸಿದ್ಧ ಗುಪ್ತಲಿಪಿ ವಿಧಾನ ‘ಆರ್‌ಎಸ್‌ಎ’ದಲ್ಲಿ ‘ಎಸ್’ ಎಂದರೆ ಇವರೇ. ‘ಹತ್ತಿರ ಬಂದರೆ ಮಾತ್ರ’ ಎಂಬ ಕಟ್ಟಳೆಯಲ್ಲಿ ಒಂದು ಬಿರುಕು ಇರುವುದು ಅವರಿಗೆ ಸಿಕ್ಕಿತು. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಬಲ್ಬಿಗೆ ಹೊಸ ತಂತ್ರಾಂಶ ತುಂಬಲು ಬೇಕಾದ ಗುಪ್ತ ಕೀಲಿ ಆ ಮಾದರಿಯ ಎಲ್ಲ ಬಲ್ಬುಗಳಿಗೂ ಒಂದೇ. ಬಲ್ಬು ಕೆಲಸ ಮಾಡುವಾಗ ಎಷ್ಟು ವಿದ್ಯುತ್ ಎಳೆಯುತ್ತದೆ ಎಂದು ಸೂಕ್ಷ್ಮವಾಗಿ ಅಳೆದು ಆ ಕೀಲಿಯನ್ನು ಕಂಡುಹಿಡಿದರು. ಬಳಸಿದ್ದು ಕೆಲವು ನೂರು ಡಾಲರ್ ಬೆಲೆಯ ಉಪಕರಣ.

ಆಮೇಲೆ ಒಂದು ಡ್ರೋನಿಗೆ ಆ ಉಪಕರಣ ಕಟ್ಟಿ ಬೀರ್‌ಶೆವಾ ನಗರದ ಕಚೇರಿ ಕಟ್ಟಡವೊಂದರ ಕಡೆಗೆ ಹಾರಿಸಿದರು. ಸುಮಾರು 350 ಮೀಟರ್ ದೂರದಿಂದಲೇ ಒಳಗಿನ ಬಲ್ಬುಗಳು ಡ್ರೋನಿನ ಮಾತು ಕೇಳಿ ‘ಎಸ್‌ಒಎಸ್’ ಎಂದು ಮಿಣುಕತೊಡಗಿದವು. ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕ ಹಡಗು ಕಳಿಸುವ ಸಂಕೇತ ಅದು.

ಹೆದರಿಸುವ ಲೆಕ್ಕ ಮುಂದಿದೆ. ಒಂದು ಬಲ್ಬು ಕೆಟ್ಟರೆ ಅದು ಪಕ್ಕದ ಬಲ್ಬನ್ನು ಕೆಡಿಸಬಹುದು, ಅದು ಮತ್ತೊಂದನ್ನು. ಒಣ ಹುಲ್ಲಿನ ಬಣವೆಗಳು ಹತ್ತಿರ ಹತ್ತಿರ ಇದ್ದರೆ ಒಂದಕ್ಕೆ ಬಿದ್ದ ಬೆಂಕಿ ಎಲ್ಲಕ್ಕೂ ಹರಡುತ್ತದೆ, ದೂರ ದೂರ ಇದ್ದರೆ ಅಲ್ಲೇ ನಿಲ್ಲುತ್ತದೆ. ಪ್ಯಾರಿಸ್‌ನಷ್ಟು ದೊಡ್ಡ ನಗರದಲ್ಲಿ ಇಂಥ ಸುಮಾರು 15,000 ಬಲ್ಬುಗಳು ಚದುರಿಕೊಂಡಿದ್ದರೆ ಸಾಕು, ಸೋಂಕು ನಗರವಿಡೀ ಹರಡಬಲ್ಲದು ಎಂದು ಅವರು ಲೆಕ್ಕ ಹಾಕಿದರು. ಹಗ್ಗದ ಪೆಟ್ಟಿಗೆಗೆ ಬೀಗ ಹಾಕಿದ ಅದೇ ಪ್ಯಾರಿಸ್. ಅಲ್ಲಿ ಒಬ್ಬ ಕಳ್ಳ ಒಂದು ಪೆಟ್ಟಿಗೆ ಒಡೆದರೆ ಒಂದು ದೀಪ ಹೋಗುತ್ತಿತ್ತು. ಎಲ್ಲ ಬಲ್ಬಿಗೂ ಒಂದೇ ಕೀಲಿಯಾದರೆ, ಒಂದನ್ನು ಒಡೆದವನಿಗೆ ಎಲ್ಲವೂ ಸಿಕ್ಕಂತೆ.

ಸಂಶೋಧಕರು ವಿಷಯ ಬಹಿರಂಗ ಮಾಡುವ ಮೊದಲೇ ಕಂಪನಿಗೆ ತಿಳಿಸಿದರು. ಕಂಪನಿ 2016ರ ಅಕ್ಟೋಬರಿನಲ್ಲಿ ತಂತ್ರಾಂಶ ಸರಿಪಡಿಸಿ ಬಿರುಕು ಮುಚ್ಚಿತು.

ಅದೇ ತಿಂಗಳು 21ರಂದು ‘ಮಿರಾಯ್’ ಎಂಬ ಕುತಂತ್ರಾಂಶದ ದಾಳಿಯಿಂದ ಅಮೆರಿಕದಲ್ಲಿ ಬಹಳಷ್ಟು ಪ್ರಸಿದ್ಧ ವೆಬ್‌ಸೈಟುಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಮಿರಾಯ್ ಸೇರಿಕೊಂಡಿದ್ದು ಮುಖ್ಯವಾಗಿ ಕ್ಯಾಮೆರಾ ಮತ್ತು ರೂಟರುಗಳೊಳಗೆ. ಅದರ ಹತ್ತಿರ ಇದ್ದ ಆಯುಧ ಅರವತ್ತು ಚಿಲ್ಲರೆ ಪಾಸ್‌ವರ್ಡುಗಳ ಒಂದು ಪಟ್ಟಿ. ಕಾರ್ಖಾನೆಯಲ್ಲೇ ಹಾಕಿ ಕಳಿಸಿದ, ಕೊಂಡವರು ಯಾವತ್ತೂ ಬದಲಿಸದ ಪಾಸ್‌ವರ್ಡುಗಳು. ಲಕ್ಷಾಂತರ ಮನೆ, ಅಂಗಡಿಗಳ ಉಪಕರಣಗಳು ಅದಕ್ಕೆ ಬಾಗಿಲು ತೆರೆದವು.

ಮತ್ತೆ ಬಂದ ಹಗ್ಗ

2020ರ ಫೆಬ್ರವರಿಯಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಇನ್ನೊಂದು ದಾರಿ ತೋರಿಸಿದರು. ಇಲ್ಲಿ ಮೋಸ ನಡೆಯುವ ಬಗೆ ಗಮನಿಸಿ. ದಾಳಿಕೋರ ಹೊರಗೆ ಕುಳಿತು ಒಂದು ಬಲ್ಬನ್ನು ವಶ ಮಾಡಿಕೊಳ್ಳುತ್ತಾನೆ. ಅದರ ಬಣ್ಣ, ಬೆಳಕು ಏರುಪೇರು ಮಾಡುತ್ತಾನೆ. ಮೊಬೈಲ್ ಆ್ಯಪಿನಲ್ಲಿ ಆ ಬಲ್ಬು ‘ಸಿಗುತ್ತಿಲ್ಲ’ ಎಂದು ಬರುತ್ತದೆ. ಮಾಲೀಕ ಏನು ಮಾಡುತ್ತಾನೆ? ನಾವು ನೀವು ಮಾಡುವುದನ್ನೇ. ಬಲ್ಬನ್ನು ಆ್ಯಪಿನಿಂದ ತೆಗೆದು ಮತ್ತೆ ಸೇರಿಸುತ್ತಾನೆ. ಸೇರಿಸುವ ಆ ಗಳಿಗೆಯಲ್ಲಿ ಬಲ್ಬಿನೊಳಗೆ ಅಡಗಿದ್ದ ಕುತಂತ್ರಾಂಶ ಬಲ್ಬುಗಳನ್ನೆಲ್ಲ ನಡೆಸುವ ಪೆಟ್ಟಿಗೆಗೆ ಜಿಗಿಯುತ್ತದೆ. ಅಲ್ಲಿಂದ ಮನೆಯ ಅಥವಾ ಕಚೇರಿಯ ಕಂಪ್ಯೂಟರುಗಳ ಜಾಲಕ್ಕೆ ದಾರಿ.

ಈಗ ಹ್ಯೂಗೋನ ಕಾದಂಬರಿ ನೆನಪಿಸಿಕೊಳ್ಳಿ. ದೀಪದ ಪೆಟ್ಟಿಗೆ ಒಡೆದವನಿಗೆ ದೀಪ ಬೇಕಿರಲಿಲ್ಲ, ಗೋಡೆ ಹತ್ತಲು ಹಗ್ಗ ಬೇಕಿತ್ತು. ಇಲ್ಲೂ ಹಾಗೆಯೇ. ಕಳ್ಳನಿಗೆ ನಿಮ್ಮ ಪಡಸಾಲೆಯ ಬೆಳಕು ಬೇಡ. ಅದೇ ವೈಫೈಯಲ್ಲಿರುವ ಲೆಕ್ಕಪತ್ರ, ಬ್ಯಾಂಕಿನ ವ್ಯವಹಾರ, ರೋಗಿಗಳ ದಾಖಲೆ ಬೇಕು.

‘ನಮ್ಮ ಬಲ್ಬು ಹ್ಯಾಕ್ ಮಾಡಿ ಯಾರಿಗೇನು ಲಾಭ?’ ಎಂದು ಕೇಳುವವರಿಗೆ ಇದೇ ಉತ್ತರ. ಈ ಬಿರುಕನ್ನೂ ಕಂಪನಿ ತಂತ್ರಾಂಶ ಬದಲಿಸಿ ಮುಚ್ಚಿತು.

ಕಳ್ಳನೇ ಬೀಗ ಹಾಕಿಕೊಂಡ ಕಟ್ಟಡ

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನವು ಸಂಶೋಧಕರು ಎಚ್ಚರಿಸಲೆಂದು ಮಾಡಿ ತೋರಿಸಿದವು. 2021ರ ಅಕ್ಟೋಬರಿನಲ್ಲಿ ಜರ್ಮನಿಯಲ್ಲಿ ನಡೆದದ್ದು ನಿಜವಾದ ದಾಳಿ.

ಕಟ್ಟಡಗಳಿಗೆ ಸ್ವಯಂಚಾಲಿತ ವ್ಯವಸ್ಥೆ ಅಳವಡಿಸುವ ಎಂಜಿನಿಯರಿಂಗ್ ಕಂಪನಿಯೊಂದು ಗ್ರಾಹಕರ ಕಚೇರಿ ಕಟ್ಟಡವನ್ನು ನೋಡಿಕೊಳ್ಳುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಆ ಕಟ್ಟಡದ ನೂರಾರು ಉಪಕರಣಗಳು ಮಾತು ನಿಲ್ಲಿಸಿದವು. ದೀಪದ ಸ್ವಿಚ್ಚುಗಳು, ಜನರ ಚಲನೆ ಗಮನಿಸುವ ಸೆನ್ಸರುಗಳು, ಕಿಟಕಿ ಮುಚ್ಚುವ ಯಂತ್ರಗಳು. ನಾಲ್ಕರಲ್ಲಿ ಮೂರು ಪಾಲು ಉಪಕರಣಗಳು ನಿರ್ಜೀವ. ಇಂಟರ್ನೆಟ್ಟಿಗೆ ತೆರೆದೇ ಬಿಟ್ಟಿದ್ದ ಒಂದು ದಾರಿಯಿಂದ ಯಾರೋ ಒಳಗೆ ಬಂದು, ಉಪಕರಣಗಳಲ್ಲಿ ತುಂಬಿದ್ದ ತಂತ್ರಾಂಶವನ್ನೆಲ್ಲ ಅಳಿಸಿ ಹಾಕಿದ್ದರು.

ಅಷ್ಟೇ ಆಗಿದ್ದರೆ ಮತ್ತೆ ತುಂಬಬಹುದಿತ್ತು. ಕೆಎನ್ಎಕ್ಸ್ ಉಪಕರಣಗಳಲ್ಲಿ ಒಂದು ಬೀಗದ ಸೌಲಭ್ಯ ಇದೆ. ಪಾಸ್‌ವರ್ಡ್ ಹಾಕಿಟ್ಟರೆ ಬೇರೆಯವರು ಅದರ ತಂತ್ರಾಂಶ ಬದಲಿಸಲಾಗದು. ಮಾಲೀಕರ ರಕ್ಷಣೆಗೆಂದೇ ಇದ್ದ ಆ ಬೀಗವನ್ನು ದಾಳಿಕೋರರು ತಮ್ಮದೇ ಪಾಸ್‌ವರ್ಡ್ ಇಟ್ಟು ಹಾಕಿಬಿಟ್ಟರು. ಮನೆ ಕಟ್ಟಿದವರೇ ಹೊರಗೆ ನಿಲ್ಲಬೇಕಾಯಿತು.

ಕಟ್ಟಡದ ದೀಪ ಹೊತ್ತಿಸಲು ಮುಖ್ಯ ಪ್ಯಾನೆಲ್ಲಿಗೆ ಹೋಗಿ ಬ್ರೇಕರುಗಳನ್ನು ಕೈಯಿಂದ ಮೇಲೆ ಕೆಳಗೆ ಮಾಡುವ ಸ್ಥಿತಿ ಬಂತು. ನಮ್ಮ ವಾಟರ್‌ಮನ್ ದಿನಾ ಸಂಜೆ ಮಾಡುವ ಕೆಲಸಕ್ಕೆ ಆ ಕಟ್ಟಡವೂ ಬಂದು ನಿಂತಿತು.

ಕೊನೆಗೆ ಆಸ್ಟ್ರಿಯಾ ದೇಶದ ಲೈಮ್ಸ್ ಸೆಕ್ಯುರಿಟಿ ಎಂಬ ಸಂಸ್ಥೆಯವರು ಕೆಲವು ಉಪಕರಣಗಳನ್ನು ತರಿಸಿಕೊಂಡು, ಅವುಗಳ ಚಿಪ್ಪಿನ ನೆನಪಿನ ಭಾಗದಿಂದ ಆ ಪಾಸ್‌ವರ್ಡನ್ನು ಹೊರತೆಗೆದರು. ಹಾಗಾಗಿ ಕಟ್ಟಡ ಉಳಿಯಿತು, ಇಲ್ಲದಿದ್ದರೆ ಆ ಉಪಕರಣಗಳನ್ನೆಲ್ಲ ಕಿತ್ತು ಹೊಸದು ಹಾಕಬೇಕಿತ್ತು.

ಆರದ ದೀಪಗಳ ಶಾಲೆ

ಅದೇ ವರ್ಷದ ಇನ್ನೊಂದು ಕಥೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಲ್‌ಬ್ರಹಾಮ್ ಎಂಬ ಊರಿನದು. ಅಲ್ಲಿನ ಮಿನೆಚಾಗ್ ಪ್ರೌಢಶಾಲೆಗೆ ಸುಮಾರು ಹತ್ತು ವರ್ಷದ ಹಿಂದೆ ಹೊಸ ಕಟ್ಟಡ ಕಟ್ಟಿದಾಗ, ವಿದ್ಯುತ್ ಉಳಿಸಲೆಂದು ಕಂಪ್ಯೂಟರ್ ನಡೆಸುವ ದೀಪಗಳನ್ನು ಹಾಕಿಸಿದ್ದರು. ಸುಮಾರು 7,000 ದೀಪಗಳು. 2021ರ ಆಗಸ್ಟ್‌ನಲ್ಲಿ ಅದರ ತಂತ್ರಾಂಶ ಕೆಟ್ಟಿತು. ವ್ಯವಸ್ಥೆ ಕೆಟ್ಟರೆ ಕತ್ತಲಾಗಬಾರದು, ಮಕ್ಕಳಿಗೆ ಅಪಾಯ ಎಂದು ದೀಪಗಳು ಹೊತ್ತಿಯೇ ಇರುವಂತೆ ಮಾಡಿದ್ದರು. ಅದು ಸರಿಯಾದ ಯೋಚನೆಯೇ. ಆದರೆ ಆರಿಸಲು ಕೈ ಸ್ವಿಚ್ ಇರಲಿಲ್ಲ.

ಹಗಲು ರಾತ್ರಿ, ರಜೆ, ಹಬ್ಬ ಎನ್ನದೆ ವರ್ಷಕ್ಕೂ ಹೆಚ್ಚು ಕಾಲ ದೀಪಗಳು ಉರಿದವು. ಪಾಠಕ್ಕೆ ಪ್ರೊಜೆಕ್ಟರ್ ಹಾಕಬೇಕಾದರೆ ಶಿಕ್ಷಕರು ಬಲ್ಬುಗಳನ್ನೇ ತಿರುಗಿಸಿ ತೆಗೆಯುತ್ತಿದ್ದರು. ವ್ಯವಸ್ಥೆ ಅಳವಡಿಸಿದ್ದ ಕಂಪನಿ ಅಷ್ಟರಲ್ಲಿ ಕೈ ಬದಲಾಗಿತ್ತು. ಒಳಗಿನ ಲೆಕ್ಕಾಚಾರ ಬಲ್ಲವರನ್ನು ಹುಡುಕಬೇಕಾಯಿತು, ಬಿಡಿಭಾಗಗಳು ಕೊರೋನಾ ಕಾಲದ ಅಡಚಣೆಯಿಂದ ಬರಲಿಲ್ಲ. 2023ರ ಆರಂಭದಲ್ಲಿ ಸುದ್ದಿ ಜಗತ್ತಿಗೆಲ್ಲ ಹರಡಿತು.

ಕರೆಂಟು ಉಳಿಸಲೆಂದು ತಂದ ವ್ಯವಸ್ಥೆ ಕರೆಂಟು ತಿಂದಿತು. ಕೀಲಿಕೈ ತಮ್ಮ ಕೈಯಲ್ಲಿಲ್ಲದವರ ಪಾಡು ಇದು. ಕಳ್ಳರು ಬರಬೇಕಾಗಿಯೇ ಇಲ್ಲ, ಬೀಗ ಹಾಕಿಕೊಟ್ಟವನು ಊರು ಬಿಟ್ಟರೂ ಫಲ ಒಂದೇ.

ಕಾನೂನು ಎಚ್ಚರಗೊಂಡಿತು

ಇಷ್ಟೆಲ್ಲ ಆದ ಮೇಲೆ ನಿಧಾನವಾಗಿ ಬದಲಾವಣೆ ಬಂತು. ಕೆಎನ್ಎಕ್ಸ್, ಬ್ಯಾಕ್‌ನೆಟ್ ಎರಡಕ್ಕೂ ಈಗ ಸುರಕ್ಷಿತ ಆವೃತ್ತಿಗಳಿವೆ. ಅವುಗಳಲ್ಲಿ ಸಂದೇಶ ಮುಚ್ಚಿದ ಲಕೋಟೆಯಲ್ಲಿ ಹೋಗುತ್ತದೆ, ಕಳಿಸಿದವರು ಯಾರೆಂದು ಉಪಕರಣ ಕೇಳುತ್ತದೆ. ಆದರೆ ಹಳೆಯ ಕಟ್ಟಡಗಳಲ್ಲಿ ಹಳೆಯ ತಂತಿಗಳೇ ಇವೆ. ದೀಪದ ವ್ಯವಸ್ಥೆ ಒಮ್ಮೆ ಹಾಕಿದರೆ ಹತ್ತಿಪ್ಪತ್ತು ವರ್ಷ ಕಿತ್ತು ಹಾಕುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2018ರಲ್ಲಿ ಒಂದು ಕಾನೂನು ಮಾಡಿತು. ಇಂಟರ್ನೆಟ್ಟಿಗೆ ಜೋಡಿಸುವ ಪ್ರತಿ ಉಪಕರಣಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇರಬೇಕು, ಇಲ್ಲವೇ ಮೊದಲ ಸಲ ಬಳಸುವಾಗ ಕೊಂಡವರೇ ಹೊಸದನ್ನು ಹಾಕುವಂತಿರಬೇಕು. ಅದು 2020ರ ಜನವರಿ 1ರಿಂದ ಜಾರಿಗೆ ಬಂತು. ಬ್ರಿಟನ್ ಇಂಥದೇ ಕಾನೂನನ್ನು 2024ರ ಏಪ್ರಿಲ್ 29ರಿಂದ ಜಾರಿಗೆ ತಂದಿತು. ಎಲ್ಲ ಪೆಟ್ಟಿಗೆಗೂ ಒಂದೇ ಕೀಲಿ ಇರಬಾರದು ಎಂಬ ಸರಳ ಮಾತನ್ನು ಕಾನೂನು ಮಾಡಲು ಇಷ್ಟು ಕಾಲ ಹಿಡಿಯಿತು.

ನಮ್ಮ ಕಂಬದ ಪೆಟ್ಟಿಗೆ

ಭಾರತದಲ್ಲಿ 2015ರ ಜನವರಿ 5ರಂದು ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮ ಶುರುವಾಯಿತು. ಹಳೆಯ ದೀಪಗಳ ಜಾಗಕ್ಕೆ ಎಲ್ಇಡಿ ಬಂದವು. ಜೊತೆಗೆ ಅನೇಕ ಕಡೆ ದೂರದಿಂದಲೇ ದೀಪ ಹಾಕುವ, ಆರಿಸುವ, ಯಾವುದು ಕೆಟ್ಟಿದೆ ಎಂದು ನೋಡುವ ಕೇಂದ್ರೀಕೃತ ಪೆಟ್ಟಿಗೆಗಳೂ ಬಂದವು. ಆ ಪೆಟ್ಟಿಗೆಯೊಳಗೆ ಮೊಬೈಲಿನ ಹಾಗೆಯೇ ಸಿಮ್ ಇರುತ್ತದೆ. ಹಗಲಲ್ಲಿ ದೀಪ ಉರಿಯುವುದು ತಪ್ಪುತ್ತದೆ, ಬಿಲ್ಲು ಉಳಿಯುತ್ತದೆ. ಇದು ಬೇಡ ಎನ್ನಲು ನಮಗೆ ಯಾವ ಕಾರಣವೂ ಇಲ್ಲ.

ಆದರೆ ಇಂಥ ವ್ಯವಸ್ಥೆ ನಿಮ್ಮ ಪಂಚಾಯಿತಿಗೋ, ಶಾಲೆಗೋ, ಹಾಲಿನ ಡೇರಿಗೋ ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಕೆಲವು ಪ್ರಶ್ನೆ ಕೇಳಬಹುದು. ಕೇಳಲು ಎಂಜಿನಿಯರ್ ಆಗಬೇಕಿಲ್ಲ. ಮೇಲಿನ ಕಥೆಗಳೇ ಆ ಪ್ರಶ್ನೆಗಳನ್ನು ಕೊಡುತ್ತವೆ.

ಒಂದು, ಪಾಸ್‌ವರ್ಡ್ ಯಾರ ಹತ್ತಿರ ಇದೆ? ಗುತ್ತಿಗೆದಾರನ ಹುಡುಗನ ಫೋನಿನಲ್ಲೋ, ಪಂಚಾಯಿತಿಯ ದಾಖಲೆಯಲ್ಲೋ? ಗುತ್ತಿಗೆ ಮುಗಿದ ದಿನ ಅದನ್ನು ಬದಲಿಸುವವರು ಯಾರು? ಕಾರ್ಯದರ್ಶಿ ವರ್ಗವಾದರೆ ಬೀರುವಿನ ಕೀಲಿಕೈ ಎಣಿಸಿ ಪಡೆಯುತ್ತೇವೆ. ಪಾಸ್‌ವರ್ಡನ್ನೂ ಹಾಗೆಯೇ ಪಡೆದು ಬದಲಿಸಬೇಕು.

ಎರಡು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡೇ ಇನ್ನೂ ಇದೆಯೇ? ಇದ್ದರೆ ಬೀಗ ಇದೆ, ಕೀಲಿಕೈ ಬಾಗಿಲಲ್ಲೇ ನೇತಾಡುತ್ತಿದೆ ಎಂದು ಅರ್ಥ.

ಮೂರು, ದೀಪದ ಜಾಲ ಮತ್ತು ಲೆಕ್ಕಪತ್ರದ ಕಂಪ್ಯೂಟರಿನ ಜಾಲ ಬೇರೆ ಬೇರೆ ಇವೆಯೇ? ಮನೆಯಲ್ಲೂ ಅಷ್ಟೇ. ಬಹಳಷ್ಟು ವೈಫೈ ರೂಟರುಗಳಲ್ಲಿ ‘ಗೆಸ್ಟ್’ ಎಂಬ ಬೇರೆ ದಾರಿ ಮಾಡುವ ಸೌಲಭ್ಯ ಇರುತ್ತದೆ. ಬಲ್ಬನ್ನು ಆ ದಾರಿಗೆ ಹಾಕಿ, ಬ್ಯಾಂಕಿನ ವ್ಯವಹಾರ ಮಾಡುವ ಫೋನನ್ನು ಇನ್ನೊಂದರಲ್ಲಿ ಇಡಿ.

ನಾಲ್ಕು, ತಂತ್ರಾಂಶ ಹೊಸದು ಬಂದಾಗ ಹಾಕುವವರು ಯಾರು, ಎಷ್ಟು ವರ್ಷ ಹಾಕುತ್ತಾರೆ? ಬಿರುಕು ಮುಚ್ಚುವುದು ಆ ಹೊಸ ತಂತ್ರಾಂಶದಿಂದಲೇ ಎಂಬುದನ್ನು ಎರಡು ಸಲ ನೋಡಿದೆವು.

ಐದು, ಎಲ್ಲ ಕೆಟ್ಟರೆ ಕೈಯಿಂದ ಹಾಕುವ, ಆರಿಸುವ ಸ್ವಿಚ್ ಇದೆಯೇ? ಇಲ್ಲದಿದ್ದರೆ ಹಾಕಿಸಿ. ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ದೀಪ ಹೋದರೆ ಆ್ಯಪ್ ತೆರೆದು ಪಾಸ್‌ವರ್ಡ್ ನೆನಪಿಸಿಕೊಳ್ಳಲು ಪುರುಸೊತ್ತು ಇರುವುದಿಲ್ಲ.

ಬೀದಿದೀಪ ಆರದೆ ಉಳಿದರೆ ವಾಟರ್‌ಮನ್ ಮನೆಗೆ ಹೋಗಿ ‘ಯಾಕಣ್ಣ ಆರಿಸಿಲ್ಲ?’ ಎಂದು ಕೇಳಬಹುದು. ಹಾಗೆ ಕೇಳಲು ಒಬ್ಬ ಮನುಷ್ಯ ಇದ್ದಾನೆ ಎಂಬುದೇ ಆ ವ್ಯವಸ್ಥೆಯ ಬಲ. ಮುನ್ನೂರು ವರ್ಷದ ಹಿಂದೆ ಪ್ಯಾರಿಸ್‌ನಲ್ಲೂ ಕೀಲಿಕೈ ಒಬ್ಬನ ಸೊಂಟದಲ್ಲಿತ್ತು, ಅದು ಯಾರ ಸೊಂಟ ಎಂದು ಬೀದಿಗೆ ಗೊತ್ತಿತ್ತು. ದೀಪ ಎಷ್ಟೇ ಜಾಣವಾಗಲಿ, ಅದರ ಕೀಲಿಕೈ ಯಾರಲ್ಲಿದೆ ಎಂಬುದು ಊರಿಗೆ ಗೊತ್ತಿರಬೇಕು. ಮುಂದಿನ ಗ್ರಾಮಸಭೆಯಲ್ಲಿ ಹೊಸ ದೀಪದ ಮಾತು ಬಂದರೆ, ಎಷ್ಟು ವ್ಯಾಟಿನದು ಎಂದು ಕೇಳುವುದರ ಜೊತೆಗೆ ಇದನ್ನೂ ಕೇಳಿ.